ನಿರ್ದೋಷವೂ ನೆಚ್ಚಿಕೆಯೂ

ಕನ್ನಡದಲ್ಲಿ ಬೈಬಲ್ಲಿಗೆ 'ಸತ್ಯವೇದ' ಎಂದು ಹೆಸರು. ಹೊದಿಕೆಯ ಮೇಲೆ ಅಚ್ಚಾಗಿರುವ ಆ ಸಮಾಸಪದವನ್ನು ನಾವು ಹೆಚ್ಚು ಯೋಚಿಸದೆ ದಾಟಿಹೋಗುತ್ತೇವೆ. ಗ್ರೀಕಿನ ಮೂಲಶಬ್ದಕ್ಕೆ 'ಪುಸ್ತಕಗಳು' ಎಂದಷ್ಟೇ ಅರ್ಥ. ಪಾಶ್ಚಾತ್ಯರು ಅದಕ್ಕೆ 'ಪವಿತ್ರ' ಎಂಬ ವಿಶೇಷಣವನ್ನು ಕೂಡಿಸಿಕೊಂಡರು. ಕನ್ನಡದ ಹೆಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ: ಇದು ವೇದ, ಇದು ಸತ್ಯ. ಹೆಸರಿನೊಳಗೇ ಒಂದು ಸಿದ್ಧಾಂತ ಅಡಗಿ ಕುಳಿತಿದೆ.

ಬೈಬಲ್ ದೇವರ ಮಾತಾದ್ದರಿಂದ ಅದರಲ್ಲಿ ತಪ್ಪಿರಲಾರದು; ತಪ್ಪಿಲ್ಲವಾದ್ದರಿಂದ ಅದನ್ನು ಪೂರ್ತಿಯಾಗಿ ನೆಚ್ಚಬಹುದು ಎಂಬುದು ಆ ಸಿದ್ಧಾಂತ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರದಲ್ಲಿ ಪಂಡಿತನೂ ಅಲ್ಲ. ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ತರಗತಿಯಲ್ಲಿ ವಿವರಿಸುತ್ತ ಬಂದಿರುವ ಕನ್ನಡದ ಅಧ್ಯಾಪಕ. ಆದರೆ ಒಂದು ಗ್ರಂಥದಲ್ಲಿ ತಪ್ಪಿಲ್ಲವೆನ್ನುವಾಗ ಯಾವ ಪ್ರತಿಯನ್ನು ಕುರಿತು ಆ ಮಾತನ್ನು ಹೇಳುತ್ತೇವೆ, 'ತಪ್ಪು' ಎಂಬುದಕ್ಕೆ ಅಲ್ಲಿ ಅರ್ಥವೇನು ಎಂಬ ಎರಡು ಪ್ರಶ್ನೆಗಳು ಧರ್ಮಕ್ಕೆ ಸೇರಿರುವಷ್ಟೇ ಸಾಹಿತ್ಯವಿಮರ್ಶೆಗೂ ಸೇರಿವೆ. ಆ ಸಲಿಗೆಯಿಂದ ಇಲ್ಲಿ ನಾಲ್ಕು ಮಾತು.

೧

ಪೂರ್ವಪಕ್ಷವನ್ನು ಸರಿಯಾಗಿ ಹೇಳದೆ ಖಂಡನೆಗೆ ತೊಡಗಬಾರದೆಂಬುದು ನಮ್ಮ ಶಾಸ್ತ್ರಕಾರರ ಮರ್ಯಾದೆ. ಈ ಸಿದ್ಧಾಂತದ ವಿಷಯದಲ್ಲಂತೂ ಆ ಮರ್ಯಾದೆ ಬಹಳ ಅಗತ್ಯ. ಏಕೆಂದರೆ ಇದನ್ನು ಗೇಲಿಮಾಡುವವರು ಇದರ ಸ್ವರೂಪವನ್ನು ವಿಚಾರಿಸಿರುವುದು ಅಪರೂಪ.

ಸುಮಾರು ೪೦೫ರಲ್ಲಿ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್, ಬೆತ್ಲೆಹೇಮಿನಲ್ಲಿದ್ದ ಮಹಾವಿದ್ವಾಂಸ ಜೆರೋಮನಿಗೆ ಒಂದು ಕಾಗದ ಬರೆದ. ಶಾಸ್ತ್ರಗ್ರಂಥದಲ್ಲಿ ಸತ್ಯಕ್ಕೆ ವಿರುದ್ಧವಾದ ಮಾತೇನಾದರೂ ಕಂಡರೆ ತಾನು ಮೂರು ಬಗೆಯಲ್ಲಿ ಸಮಾಧಾನ ತಂದುಕೊಳ್ಳುವುದಾಗಿ ಅದರಲ್ಲಿ ಹೇಳಿದ: ತನ್ನ ಕೈಯಲ್ಲಿರುವ ಪ್ರತಿ ದೋಷಯುಕ್ತವಾಗಿರಬೇಕು, ಇಲ್ಲವೆ ಅನುವಾದಕ ಮೂಲವನ್ನು ಹಿಡಿಯದೆ ಹೋಗಿರಬೇಕು, ಅದೂ ಇಲ್ಲವೆಂದರೆ ತನಗೇ ಅರ್ಥವಾಗದಿರಬೇಕು. ಲಿಪಿಕಾರ, ಅನುವಾದಕ, ಓದುಗ: ತಪ್ಪಿನ ಹೊಣೆಯನ್ನು ಈ ಮೂವರಲ್ಲಿ ಯಾರಾದರೂ ಹೊರಬೇಕು, ಗ್ರಂಥಕರ್ತನ ಬಳಿಗೆ ಅದು ಸುಳಿಯಕೂಡದು. ಮುಂದಿನ ಹದಿನಾರು ಶತಮಾನಗಳ ವಾದವೆಲ್ಲ ಬೀಜರೂಪದಲ್ಲಿ ಈ ಕಾಗದದಲ್ಲಿದೆ.

ಆ ಬೀಜ ಶಾಸ್ತ್ರವಾಗಿ ಬೆಳೆದದ್ದು ಅಮೆರಿಕದಲ್ಲಿ. ಪ್ರಿನ್ಸ್‌ಟನ್ ಪರಂಪರೆಯ ಎ. ಎ. ಹಾಜ್ ಮತ್ತು ಬಿ. ಬಿ. ವಾರ್ಫೀಲ್ಡ್ ೧೮೮೧ರಲ್ಲಿ ಬರೆದ ಲೇಖನವೊಂದು ದೈವಪ್ರೇರಣೆಯ ನಿರ್ದೋಷತ್ವವನ್ನು ಮೂಲ ಹಸ್ತಪ್ರತಿಗಳಿಗೆ, ಎಂದರೆ ಪ್ರವಾದಿಯೋ ಅಪೊಸ್ತಲನೋ ಬರೆದ ಅಥವಾ ಬರೆಯಿಸಿದ ಮೊದಲ ಪ್ರತಿಗೆ, ಸಲ್ಲಿಸಿತು. ೧೯೭೮ರ ಅಕ್ಟೋಬರಿನಲ್ಲಿ ಷಿಕಾಗೊ ನಗರದಲ್ಲಿ ಸೇರಿದ ಇನ್ನೂರಕ್ಕೂ ಮಿಕ್ಕ ವಿದ್ವಾಂಸರೂ ಧರ್ಮಗುರುಗಳೂ ಈ ನಂಬಿಕೆಯನ್ನು ಹತ್ತೊಂಬತ್ತು ವಿಧಿಗಳ ಒಂದು ಹೇಳಿಕೆಯಾಗಿ ಹೊರಡಿಸಿದರು. ಇಂದಿಗೂ ಈ ಪಕ್ಷದವರು ಪ್ರಮಾಣವಾಗಿ ಮುಂದಿಡುವುದು ಅದನ್ನೇ.

ಆ ಹೇಳಿಕೆಯಲ್ಲಿ ಎರಡು ವಿಧಿಗಳು ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯ. ಹತ್ತನೆಯದು, ದೈವಪ್ರೇರಣೆ ಕಟ್ಟುನಿಟ್ಟಾಗಿ ಅನ್ವಯಿಸುವುದು ಮೂಲಪ್ರತಿಗೆ ಮಾತ್ರ ಎಂದು ಒಪ್ಪುತ್ತದೆ. ನಕಲುಗಳೂ ಅನುವಾದಗಳೂ ಮೂಲವನ್ನು ಎಷ್ಟರಮಟ್ಟಿಗೆ ಪ್ರತಿಬಿಂಬಿಸುತ್ತವೆಯೋ ಅಷ್ಟರಮಟ್ಟಿಗೆ ದೇವರ ಮಾತು. ಹದಿಮೂರನೆಯದು 'ತಪ್ಪು' ಎಂಬುದರ ಎಲ್ಲೆಯನ್ನು ಗೊತ್ತುಮಾಡುತ್ತದೆ. ವ್ಯಾಕರಣದ ಅಕ್ರಮ, ಕಾಗುಣಿತದ ವ್ಯತ್ಯಾಸ, ದುಂಡುಸಂಖ್ಯೆ, ಅತಿಶಯೋಕ್ತಿ, ಕಣ್ಣಿಗೆ ಕಂಡಂತೆ ಮಾಡಿದ ನಿಸರ್ಗವರ್ಣನೆ, ಕಾಲಾನುಕ್ರಮವನ್ನು ಬಿಟ್ಟು ವಿಷಯಾನುಸಾರ ಜೋಡಿಸಿದ ಕಥನ, ಇತರ ಗ್ರಂಥಗಳಿಂದ ಸಡಿಲವಾಗಿ ಎತ್ತಿಕೊಂಡ ಮಾತು, ಇವಾವುವೂ ದೋಷಗಳಲ್ಲ. ಸೊಲೊಮೋನನ ದೇವಾಲಯದ ದುಂಡಗಿನ ಕಂಚಿನ ಕಡಲು ಅಡ್ಡಗಲಕ್ಕೆ ಹತ್ತು ಮೊಳ, ಸುತ್ತಳತೆಗೆ ಮೂವತ್ತು ಮೊಳ ಎಂದು ಅರಸುಗಳ ಚರಿತ್ರೆ ಹೇಳಿದರೆ, ರೇಖಾಗಣಿತದ ಮೇಷ್ಟರು ಕೆಂಪು ಶಾಯಿ ಹಿಡಿಯಬೇಕಾಗಿಲ್ಲ. ಈ ವಿಧಿಯನ್ನು ಓದುವಾಗ ನನಗೆ ನಮ್ಮ ಲಕ್ಷಣಕಾರರ ನೆನಪಾಗುತ್ತದೆ. ದೋಷಗಳ ಪಟ್ಟಿಯನ್ನು ಕೊಟ್ಟು, ಕೂಡಲೇ ಯಾವಾಗ ಅವು ದೋಷಗಳಲ್ಲವೆಂದು ಹೇಳುವ ಔಚಿತ್ಯಪ್ರಜ್ಞೆ ಅದೇ ಅಲ್ಲವೆ?

ಇನ್ನೊಂದು ಹೋಲಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಪೌಲನ ಹೆಸರಿನಲ್ಲಿ ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ ಶಾಸ್ತ್ರಕ್ಕೆ ಒಂದು ಅಪೂರ್ವವಾದ ಗ್ರೀಕ್ ವಿಶೇಷಣವಿದೆ. ಅದರ ಅವಯವಾರ್ಥ 'ದೇವರು ಉಸಿರಿದ್ದು'. ಕನ್ನಡದವರು ಅದನ್ನು 'ದೈವಪ್ರೇರಿತ' ಎಂದು ಮಾಡಿಕೊಂಡಿದ್ದಾರೆ. ಅರ್ಥ ಸರಿ, ಉಸಿರು ಮಾತ್ರ ತಪ್ಪಿಹೋಯಿತು. ಬೃಹದಾರಣ್ಯಕ ವೇದಗಳನ್ನು ಮಹಾಭೂತದ ನಿಃಶ್ವಾಸವೆಂದು ಕರೆಯುವುದನ್ನು ಬಲ್ಲವರಿಗೆ ಇಲ್ಲಿ ಒಂದು ಕ್ಷಣ ನಿಲ್ಲುವಂತಾಗುತ್ತದೆ. ಆದರೆ ಹೋಲಿಕೆ ಅಲ್ಲಿಗೇ ಮುಗಿಯಿತು. ನಮ್ಮ ಮೀಮಾಂಸಕರು ವೇದವನ್ನು ಅಪೌರುಷೇಯವೆಂದರು. ದೋಷ ಬರುವುದು ಪುರುಷನಿಂದ. ಪುರುಷನೇ ಇಲ್ಲದ ಕಡೆ ದೋಷಕ್ಕೆ ಆಶ್ರಯವೆಲ್ಲಿ? ತರ್ಕ ಚೊಕ್ಕವಾಗಿದೆ. ಕ್ರೈಸ್ತರಿಗೆ ಈ ದಾರಿ ಇರಲಿಲ್ಲ. ಅವರ ಗ್ರಂಥಕ್ಕೆ ಕರ್ತೃಗಳಿದ್ದಾರೆ. ಲೂಕ ತಾನು ಮೊದಲಿನಿಂದ ಎಲ್ಲವನ್ನೂ ವಿಚಾರಿಸಿ ಬರೆಯುತ್ತಿರುವುದಾಗಿ ಆರಂಭದಲ್ಲೇ ಹೇಳಿಕೊಳ್ಳುತ್ತಾನೆ. ಪೌಲ ಕೊರಿಂಥದವರಿಗೆ ಬರೆಯುತ್ತ, ತಾನು ಯಾರಿಗೆ ದೀಕ್ಷಾಸ್ನಾನ ಮಾಡಿಸಿದೆನೆಂಬುದನ್ನು ನೆನಪುಮಾಡಿಕೊಂಡು, ಬೇರೆ ಯಾರಿಗಾದರೂ ಮಾಡಿಸಿದ್ದು ಜ್ಞಾಪಕವಿಲ್ಲವೆನ್ನುತ್ತಾನೆ. ಮರೆಯುವ ಮನುಷ್ಯರು ಬರೆದದ್ದು, ಆದರೂ ತಪ್ಪಿಲ್ಲದ್ದು: ಈ ಎರಡು ತುದಿಗಳನ್ನೂ ಬಿಡದೆ ಹಿಡಿದುಕೊಳ್ಳುವುದು ಈ ಸಿದ್ಧಾಂತದ ಕಷ್ಟ, ಅದರ ಹಿರಿಮೆಯೂ ಅದೇ.

೨

ಈಗ ಪ್ರತಿಗಳ ಮಾತು. ೧೭೦೭ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಎಂಬ ವಿದ್ವಾಂಸ ಗ್ರೀಕ್ ಹೊಸ ಒಡಂಬಡಿಕೆಯ ಒಂದು ಪರಿಷ್ಕರಣವನ್ನು ಪ್ರಕಟಿಸಿದ. ಹಸ್ತಪ್ರತಿಗಳನ್ನೂ ಪ್ರಾಚೀನ ಅನುವಾದಗಳನ್ನೂ ತಾಳೆನೋಡಿ ಆತ ಅಡಿಯಲ್ಲಿ ಕೊಟ್ಟ ಪಾಠಾಂತರಗಳು ಸುಮಾರು ೩೦,೦೦೦. ಪುಸ್ತಕ ಹೊರಬಿದ್ದ ಕೆಲವೇ ದಿನಗಳಲ್ಲಿ ಮಿಲ್ ತೀರಿಕೊಂಡ. ಗದ್ದಲವನ್ನು ಕೇಳುವ ಕಷ್ಟ ಆತನಿಗೆ ಬರಲಿಲ್ಲ. ಆಸ್ತಿಕನಾದ ಡೇನಿಯಲ್ ವಿಟ್ಬಿ, ಇಷ್ಟು ಪಾಠಾಂತರಗಳನ್ನು ಲೋಕದ ಮುಂದಿಟ್ಟರೆ ಶಾಸ್ತ್ರದ ಬುಡವೇ ಅಲುಗುತ್ತದೆಂದು ೧೭೧೦ರಲ್ಲಿ ಕೂಗೆಬ್ಬಿಸಿದ. ಸ್ವತಂತ್ರ ವಿಚಾರವಾದಿ ಆಂಟನಿ ಕಾಲಿನ್ಸ್ ೧೭೧೩ರಲ್ಲಿ ಅದೇ ಕೂಗನ್ನು ಎತ್ತಿಕೊಂಡು, ನೋಡಿ, ಪಾದ್ರಿಗಳೇ ಒಪ್ಪುತ್ತಿದ್ದಾರೆ ಎಂದ. ಭಕ್ತನ ಭಯವೂ ನಾಸ್ತಿಕನ ಉತ್ಸಾಹವೂ ಒಂದೇ ತಪ್ಪು ಲೆಕ್ಕದ ಮೇಲೆ ನಿಂತಿದ್ದುವು.

ಆ ಲೆಕ್ಕವನ್ನು ತಿದ್ದಿದವನು ಕೇಂಬ್ರಿಡ್ಜಿನ ರಿಚರ್ಡ್ ಬೆಂಟ್ಲಿ. ಆತನ ವಾದ ನಮ್ಮ ಓಲೆಗರಿಗಳ ಕೆಲಸ ಮಾಡಿದವರಿಗೆ ಕೂಡಲೇ ಹಿಡಿಸುತ್ತದೆ. ಪಾಠಾಂತರಗಳು ಹೆಚ್ಚಾಗುವುದು ಪ್ರತಿಗಳು ಹೆಚ್ಚಾದಾಗ. ಒಂದೇ ಪ್ರತಿಯಲ್ಲಿ ಉಳಿದು ಬಂದ ಗ್ರಂಥಕ್ಕೆ ಪಾಠಾಂತರವೇ ಇರುವುದಿಲ್ಲ. ಅದರ ಗತಿಯೋ ದೇವರಿಗೇ ಪ್ರೀತಿ. ಲಿಪಿಕಾರ ಎಲ್ಲಿ ನಿದ್ದೆಗಣ್ಣಿನಲ್ಲಿ ಬರೆದ, ಎಲ್ಲಿ ಗೆದ್ದಲು ತಿಂದದ್ದನ್ನು ತಾನೇ ತುಂಬಿದ ಎಂದು ತಿಳಿಯುವ ಬಗೆಯಿಲ್ಲ. ಹತ್ತು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದು ಹಿಡಿದುಕೊಡುತ್ತದೆ. ಇಂದು ಗ್ರೀಕ್ ಹೊಸ ಒಡಂಬಡಿಕೆಗೆ, ಚೂರುಪಾರುಗಳೂ ಸೇರಿ, ೫,೦೦೦ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಪಂಪನ ಕಾವ್ಯಕ್ಕೆ ಬೆರಳೆಣಿಕೆಯ ಪ್ರತಿಗಳನ್ನು ನೆಚ್ಚಿ ಪಾಠ ನಿರ್ಣಯಿಸುವ ನಾವು ಈ ಸಂಪತ್ತನ್ನು ಕಂಡು ಅಸೂಯೆಪಡಬಹುದು.

ಇದೇ ಪಾಠಾಂತರಗಳ ರಾಶಿ ಜರ್ಮನಿಯ ವ್ಯುರ್ಟೆಂಬರ್ಗಿನ ಒಬ್ಬ ತರುಣನ ನಿದ್ದೆ ಕೆಡಿಸಿತು. ಆತ ಟ್ಯೂಬಿಂಗೆನ್ನಿನಲ್ಲಿ ಓದುತ್ತಿದ್ದ ಯೊಹಾನ್ ಆಲ್ಬ್ರೆಖ್ಟ್ ಬೆಂಗೆಲ್. ಭಕ್ತಿಪಂಥದ ಮನೆತನದಲ್ಲಿ ಬೆಳೆದ ಆತನಿಗೆ ಶಾಸ್ತ್ರದ ಪ್ರತಿಯೊಂದು ಅಕ್ಷರವೂ ಪೂಜ್ಯ. ಆ ಅಕ್ಷರವೇ ಅನಿಶ್ಚಿತವಾದರೆ? ಬೆಂಗೆಲ್ ಎರಡು ಸುಲಭವಾದ ದಾರಿಗಳನ್ನೂ ಬಿಟ್ಟ. ವಿಟ್ಬಿಯಂತೆ ಕಣ್ಣು ಮುಚ್ಚಿಕೊಳ್ಳಲಿಲ್ಲ; ಕಾಲಿನ್ಸನಂತೆ ಕೈ ತೊಳೆದುಕೊಳ್ಳಲಿಲ್ಲ. ಡೆಂಕೆಂಡಾರ್ಫಿನ ಮಠದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ವರ್ಷಗಟ್ಟಲೆ ಪ್ರತಿಗಳ ಪಾಠಗಳನ್ನು ಕೂಡಿಹಾಕಿ, ೧೭೩೪ರಲ್ಲಿ ತನ್ನ ಪರಿಷ್ಕರಣವನ್ನು ಹೊರತಂದ. ಪುಟದ ಅಂಚಿನಲ್ಲಿ ಒಂದೊಂದು ಪಾಠಕ್ಕೂ ಗ್ರೀಕ್ ವರ್ಣಮಾಲೆಯ ಮೊದಲ ಐದು ಅಕ್ಷರಗಳಿಂದ ದರ್ಜೆ ಕೊಟ್ಟ: ಇದು ಮೂಲವೇ ಸರಿ, ಇದು ಅಚ್ಚಿನಲ್ಲಿರುವುದಕ್ಕಿಂತ ಮೇಲು, ಇದು ಸಮ, ಇದು ಕೀಳು, ಇದು ತಳ್ಳತಕ್ಕದ್ದು. ಪ್ರತಿಗಳನ್ನು ಬರಿದೆ ಎಣಿಸದೆ ಕುಲಗಳಾಗಿ ವಿಂಗಡಿಸಿ ತೂಗಬೇಕೆಂದ. ಎರಡು ಪಾಠಗಳಲ್ಲಿ ಕಠಿನವಾದದ್ದೇ ಮೂಲವಾಗಿರುವ ಸಂಭವ ಹೆಚ್ಚೆಂಬ ಸೂತ್ರವನ್ನು ಸ್ಪಷ್ಟವಾಗಿ ಕೊಟ್ಟ. ಲಿಪಿಕಾರ ಕಷ್ಟವಾದದ್ದನ್ನು ಸುಲಭಮಾಡಿ ಬರೆಯುತ್ತಾನೆಯೇ ವಿನಾ ಸುಲಭವಾದದ್ದನ್ನು ಕಷ್ಟಮಾಡಲು ಹೋಗುವುದಿಲ್ಲ. ಎಲ್ಲವನ್ನೂ ತೂಗಿನೋಡಿದ ಮೇಲೆ, ಯಾವ ಪಾಠಾಂತರದಿಂದಲೂ ತನ್ನ ಧರ್ಮದ ಮುಖ್ಯ ತತ್ತ್ವವೊಂದಕ್ಕೂ ಕುಂದು ಬಂದಿಲ್ಲವೆಂದು ಆತನ ಮನಸ್ಸು ನೆಮ್ಮದಿಗೊಂಡಿತು.

ಕ್ಲಿಷ್ಟಪಾಠದ ಆ ಸೂತ್ರವನ್ನು ನಾವು ಕನ್ನಡದ ಎಂ.ಎ. ತರಗತಿಗಳಲ್ಲಿ ಇಂದಿಗೂ ಹೇಳುತ್ತೇವೆ. ಈ ಶಾಸ್ತ್ರವನ್ನು ಕನ್ನಡದಲ್ಲಿ ಕ್ರಮವಾಗಿ ನಿರೂಪಿಸಿದ ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಬಂದದ್ದು ೧೯೬೪ರಲ್ಲಿ. ನಿರ್ದೋಷ ಗ್ರಂಥವೊಂದನ್ನು ನಂಬಿದ ಭಕ್ತನ ತಳಮಳದಲ್ಲಿ ರೂಪುಗೊಂಡ ಉಪಕರಣ, ಬಳಸು ದಾರಿಯಿಂದ ಬಂದು, ಜೈನ ವೀರಶೈವ ಕವಿಗಳ ಓಲೆಗರಿಗಳನ್ನು ಓದುವುದಕ್ಕೆ ನಮ್ಮ ಕೈಗೆ ಸಿಕ್ಕಿತು.

ಬೆಂಗೆಲನ ಇನ್ನೊಂದು ಲೆಕ್ಕ ಮಾತ್ರ ಸರಿಹೋಗಲಿಲ್ಲ. ಪ್ರಕಟನೆಯ ಪುಸ್ತಕದ ಸಂಖ್ಯೆಗಳನ್ನು ಕೂಡಿ ಕಳೆದು, ಕ್ರಿಸ್ತನ ಸಹಸ್ರವರ್ಷಗಳ ಕಾಲ ೧೮೩೬ರಲ್ಲಿ ಮೊದಲಾಗುತ್ತದೆಂದು ಆತ ಗುಣಿಸಿದ್ದ. ಆ ವರ್ಷ ಅದು ಬರಲಿಲ್ಲ. ವ್ಯುರ್ಟೆಂಬರ್ಗಿನಿಂದ ಹರ್ಮನ್ ಮೋಗ್ಲಿಂಗ್ ಎಂಬ ತರುಣರೊಬ್ಬರು ಮಂಗಳೂರಿಗೆ ಬಂದರು. ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು, ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರು ಅವರೇ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು ಮಾಡಿದ್ದ ಕನ್ನಡ ಬೈಬಲ್ಲನ್ನು ಮತ್ತೆ ತಿದ್ದುವ ಕೆಲಸದಲ್ಲೂ ಬಾಸೆಲ್ ಮಿಷನ್ನಿನವರ ಕೈ ಇತ್ತು. ತಿದ್ದಿದರು ಎಂಬುದನ್ನು ಗಮನಿಸಬೇಕು. 'ಸತ್ಯವೇದ' ಎಂಬ ಹೆಸರುಳ್ಳ ಪುಸ್ತಕವನ್ನು ತಲೆಮಾರಿನಿಂದ ತಲೆಮಾರಿಗೆ ತಿದ್ದುತ್ತ ಬಂದವರಿಗೆ ಆ ಹೆಸರಿಗೂ ಈ ಕೆಲಸಕ್ಕೂ ವಿರೋಧ ಕಾಣಲಿಲ್ಲ.

೩

ಇಲ್ಲಿಯವರೆಗೆ ಸಿದ್ಧಾಂತದ ಗುಣಪಕ್ಷ. ಇನ್ನು ನನ್ನ ತಕರಾರು.

ಮೊದಲನೆಯದು ಮೂಲಪ್ರತಿಯನ್ನು ಕುರಿತದ್ದು. ಪರಿಪೂರ್ಣತೆ ಮೂಲಪ್ರತಿಯಲ್ಲಿತ್ತು, ಮೂಲಪ್ರತಿ ಈಗ ಇಲ್ಲ ಎಂದರೆ, ಯಾರೂ ಪರೀಕ್ಷಿಸಲಾಗದ ಕಡೆಗೆ ಪರಿಪೂರ್ಣತೆಯನ್ನು ಸಾಗಿಸಿದಂತಾಯಿತೆಂದು ವಿರೋಧಿಗಳು ಹೇಳುವುದುಂಟು. ಇದು ಅಷ್ಟು ಬಲವಾದ ಆಕ್ಷೇಪವಲ್ಲ. ನಾವೂ ಕಳೆದುಹೋದ ಮೂಲವನ್ನು ಕಣ್ಣಮುಂದಿಟ್ಟುಕೊಂಡೇ ಗ್ರಂಥಸಂಪಾದನೆ ಮಾಡುತ್ತೇವೆ. ನಿಜವಾದ ತೊಡಕು ಬೇರೆ: ಮೂಲಪ್ರತಿ ಎಂಬುದು ಯಾವಾಗಲೂ ಒಂದೇ ಆಗಿತ್ತೆ?

೧೯೪೭ರಿಂದ ಮೃತಸಮುದ್ರದ ಬಳಿಯ ಗವಿಗಳಲ್ಲಿ ಸಿಕ್ಕಿದ ಸುರುಳಿಗಳು ಈ ವಾದಕ್ಕೆ ಎರಡು ಕಡೆಯಿಂದಲೂ ಸಾಕ್ಷಿ ನುಡಿಯುತ್ತವೆ. ಯೆಶಾಯನ ದೊಡ್ಡ ಸುರುಳಿ ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಅಕ್ಷರಗಳ, ಶಬ್ದಗಳ ವ್ಯತ್ಯಾಸ ಬೇಕಾದಷ್ಟಿದ್ದರೂ ಗ್ರಂಥ ಅದೇ ಗ್ರಂಥ; ನಂಬಿದವರು ಹಿಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಯೆರೆಮೀಯನ ಕಥೆ ಬೇರೆ. ಅವನ ಗ್ರಂಥದ ಪ್ರಾಚೀನ ಗ್ರೀಕ್ ಅನುವಾದ ಹೀಬ್ರೂವಿಗಿಂತ ಏಳೆಂಟರಲ್ಲಿ ಒಂದು ಪಾಲು ಚಿಕ್ಕದು. ಪ್ರಕರಣಗಳ ಜೋಡಣೆಯೂ ಬೇರೆ. ಅನುವಾದಕ ಕತ್ತರಿಸಿರಬೇಕೆಂದು ಊಹಿಸಲು ಅವಕಾಶವಿತ್ತು. ಗವಿಯಲ್ಲಿ ಸಿಕ್ಕಿದ ಹೀಬ್ರೂ ತುಣುಕುಗಳಲ್ಲಿ ಒಂದು ಆ ಚಿಕ್ಕ ಪಾಠವನ್ನೇ ಹೋಲುತ್ತದೆ. ಎಂದಮೇಲೆ ಹೀಬ್ರೂವಿನಲ್ಲೇ ಎರಡು ಯೆರೆಮೀಯಗಳು ಓಡಾಡುತ್ತಿದ್ದುವು. ಯಾವುದರ ಮೂಲಪ್ರತಿ ನಿರ್ದೋಷ?

ವಿಚಿತ್ರವೆಂದರೆ ಈ ಪ್ರಶ್ನೆಯನ್ನು ಯೆರೆಮೀಯನ ಗ್ರಂಥವೇ ಎತ್ತಿ ತೋರಿಸಿದೆ. ಅದರ ಮೂವತ್ತಾರನೆಯ ಅಧ್ಯಾಯವನ್ನು ಮೂಲಪ್ರತಿಯ ಪುರಾಣವೆಂದು ನಾನು ಓದುತ್ತೇನೆ. ಪ್ರವಾದಿ ಹೇಳುತ್ತಾನೆ, ಬಾರೂಕ ಬರೆದುಕೊಳ್ಳುತ್ತಾನೆ. ಸುರುಳಿ ಅರಮನೆಗೆ ಹೋಗುತ್ತದೆ. ಚಳಿಗಾಲ, ರಾಜ ಯೆಹೋಯಾಕೀಮನ ಎದುರಿಗೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಓದುವವನು ಮೂರು ನಾಲ್ಕು ಅಂಕಣಗಳನ್ನು ಓದಿದ ಹಾಗೆಲ್ಲ ಅಷ್ಟನ್ನು ಕರಣಿಕನ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕಲಾಗುತ್ತದೆ. ದೇವರ ಮಾತಿನ ಮೂಲಪ್ರತಿ ಹೀಗೆ ಬೂದಿಯಾಯಿತು. ಆಮೇಲೆ ಯೆರೆಮೀಯ ಇನ್ನೊಂದು ಸುರುಳಿ ತರಿಸಿ ಮತ್ತೆ ಹೇಳಿ ಬರೆಯಿಸಿದ. ಮೊದಲಿನದಕ್ಕೆ ಅದೇ ತರದ ಇನ್ನೂ ಅನೇಕ ಮಾತುಗಳು ಸೇರಿಕೊಂಡವು. ಇದನ್ನು ಬರೆದವನಿಗೆ ಸುಟ್ಟುಹೋದ ಪ್ರತಿಯ ಬಗೆಗೆ ಶೋಕವಿಲ್ಲ. ಎರಡನೆಯದು ಕಡಮೆಯೆಂಬ ಭಾವವೂ ಇಲ್ಲ. ಮಾತು ನಿಂತಿರುವುದು ಚರ್ಮದ ಸುರುಳಿಯ ಮೇಲಲ್ಲ, ಮತ್ತೆ ಮತ್ತೆ ನುಡಿಯುವವನ ನಿಷ್ಠೆಯ ಮೇಲೆ. ನಿರ್ದೋಷ ಮೂಲಪ್ರತಿಯನ್ನು ಹುಡುಕುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಹೊಸ ಒಡಂಬಡಿಕೆಯಲ್ಲಿ ಇದೇ ತೊಡಕು ಇನ್ನೂ ಎದೆಗೆ ಹತ್ತಿರವಾಗಿ ಕಾಣುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತಂದು ಕಲ್ಲೆಸೆಯಲು ನಿಂತವರ ಮುಂದೆ ಯೇಸು ಬಗ್ಗಿ ನೆಲದ ಮೇಲೆ ಬರೆಯುವ ಪ್ರಸಂಗವನ್ನು ಕ್ರೈಸ್ತರಲ್ಲದವರೂ ಬಲ್ಲರು. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ಗ್ರೀಕ್ ಪ್ರತಿಗಳಲ್ಲಿ ಅದು ಇಲ್ಲ. ಬಹುಮಂದಿ ವಿದ್ವಾಂಸರ ಮತದಲ್ಲಿ ಅದು ಪ್ರಕ್ಷಿಪ್ತ. ೧೯೭೮ರ ಹತ್ತನೆಯ ವಿಧಿಯನ್ನು ಅಕ್ಷರಶಃ ಹಿಡಿದರೆ, ಮೂಲಪ್ರತಿಯಲ್ಲಿ ಇಲ್ಲದ ಈ ಪ್ರಸಂಗಕ್ಕೆ ನಿರ್ದೋಷತ್ವದ ಪಂಕ್ತಿಯಲ್ಲಿ ಎಲೆ ಹಾಕುವಂತಿಲ್ಲ. ಆದರೆ ಶಾಸ್ತ್ರವನ್ನು ನೆಚ್ಚಿಕೊಂಡು ಬಾಳಿದ ಎಷ್ಟೋ ಜನಕ್ಕೆ ಆ ನೆಚ್ಚಿಕೆ ಹುಟ್ಟಿದ್ದು ಇಂಥ ಪುಟದಿಂದಲೇ. ರೋಮನ್ ಕ್ಯಾಥೊಲಿಕರು ೧೫೪೬ರ ಟ್ರೆಂಟ್ ಸಭೆಯಲ್ಲಿ, ಲ್ಯಾಟಿನ್ ಬೈಬಲ್ಲಿನಲ್ಲಿ ರೂಢಿಯಾಗಿರುವ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳೊಂದಿಗೆ ಸ್ವೀಕರಿಸಿದ್ದರಿಂದ ಅವರಿಗೆ ಈ ಕಷ್ಟ ಇಷ್ಟು ತೀವ್ರವಾಗಿಲ್ಲ. ಬರೆದವನು ಯಾರಾದರೇನು, ಧರ್ಮಸಭೆ ಓದುತ್ತ ಬಂದದ್ದು ಶಾಸ್ತ್ರ. ನೆಚ್ಚಿಕೆ ಎಂಬುದು ಲೇಖಕನ ಮೇಜಿನ ಮೇಲೆ ಮುಗಿಯುವ ವಸ್ತುವಲ್ಲ, ಓದುಗರ ನಡುವೆ ಬೆಳೆಯುವ ವಸ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೪

ನನ್ನ ಎರಡನೆಯ ತಕರಾರು ಇನ್ನೂ ಗಂಭೀರವಾದದ್ದು. ತಪ್ಪಿಲ್ಲವೆಂಬುದನ್ನು ಕಾಪಾಡಲು ಹೋಗಿ ಗ್ರಂಥವನ್ನೇ ಕೆಡಿಸುವ ಪ್ರಸಂಗ ಬರುತ್ತದೆ.

ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರ ತನ್ನ ಗುರುವನ್ನು ಅರಿಯೆನೆಂದು ಹೇಳಿದ ಕಥೆ ನಾಲ್ಕು ಸುವಾರ್ತೆಗಳಲ್ಲೂ ಇದೆ. ನಾಲ್ಕರಲ್ಲೂ ನಿರಾಕರಣೆ ಮೂರು ಸಲ. ಕೇಳಿದವರು ಯಾರು ಯಾರು ಎಂಬಲ್ಲಿ ವ್ಯತ್ಯಾಸ. ಮಾರ್ಕನಲ್ಲಿ ಕೋಳಿ ಎರಡು ಸಲ ಕೂಗುತ್ತದೆ, ಮಿಕ್ಕ ಮೂವರಲ್ಲಿ ಒಂದು ಸಲ. ಅಮೆರಿಕದ ಹೆರಲ್ಡ್ ಲಿಂಡ್‌ಸೆಲ್ ೧೯೭೬ರಲ್ಲಿ ಪ್ರಕಟಿಸಿದ 'ಬೈಬಲ್ಲಿಗಾಗಿ ಕದನ' ಎಂಬರ್ಥದ ಹೆಸರಿನ ಪುಸ್ತಕ ನಿರ್ದೋಷವಾದಿಗಳಲ್ಲಿ ದೊಡ್ಡ ಸಂಚಲನವನ್ನುಂಟುಮಾಡಿತು. ಅದರಲ್ಲಿ ಈ ನಾಲ್ಕು ವರದಿಗಳನ್ನು ಸಮನ್ವಯಗೊಳಿಸಲು ಎತ್ತಿಕೊಂಡ ಉಪಾಯವೇನು ಗೊತ್ತೆ? ಪೇತ್ರ ನಿರಾಕರಿಸಿದ್ದು ಆರು ಸಲ: ಮೊದಲ ಕೂಗಿಗೆ ಮುನ್ನ ಮೂರು, ಎರಡನೆಯ ಕೂಗಿಗೆ ಮುನ್ನ ಮೂರು. ನಾಲ್ವರಲ್ಲಿ ಒಬ್ಬರೂ ತಪ್ಪು ಹೇಳಿಲ್ಲವೆಂದು ಸಾಧಿಸುವುದಕ್ಕಾಗಿ, ನಾಲ್ವರಲ್ಲಿ ಒಬ್ಬರೂ ಹೇಳದ ಐದನೆಯ ಕಥೆ ಹುಟ್ಟಿಕೊಂಡಿತು.

ಅಂಕಗಣಿತ ಸರಿಯಾಗಿರಬಹುದು, ಕಥೆ ಸತ್ತಿತು. ಮೂರು ಎಂಬ ಸಂಖ್ಯೆ ಅಲ್ಲಿ ಲೆಕ್ಕಕ್ಕಾಗಿ ಇಲ್ಲ. ಮೊದಲ ಸಲ ಬಾಯಿ ಜಾರಿದ್ದು, ಎರಡನೆಯ ಸಲ ಅದನ್ನು ಉಳಿಸಿಕೊಳ್ಳಲು ಹೋದದ್ದು, ಮೂರನೆಯ ಸಲ ಆಣೆ ಇಟ್ಟು ಶಪಿಸಿಕೊಂಡದ್ದು: ಒಬ್ಬ ಸಾಮಾನ್ಯ ಮನುಷ್ಯ ಭಯದ ಮೆಟ್ಟಿಲಿಳಿಯುವ ಕ್ರಮ ಅದು. ಆಮೇಲೆ ಕೋಳಿ ಕೂಗುತ್ತದೆ. ಲೂಕನಲ್ಲಿ ಆ ಕ್ಷಣ ಯೇಸು ತಿರುಗಿ ಪೇತ್ರನನ್ನು ನೋಡುತ್ತಾನೆ; ಬೇರೆ ಮೂವರಲ್ಲಿ ಆ ನೋಟವಿಲ್ಲ. ಮೆಟ್ಟಿಲನ್ನು ಎರಡು ಸಲ ಇಳಿಸಿದರೆ ಪೇತ್ರ ದುರ್ಬಲನಾಗಿ ಉಳಿಯುವುದಿಲ್ಲ, ನಗೆಗೀಡಾಗುತ್ತಾನೆ. ನಾಲ್ಕು ಕಣ್ಣುಗಳಿಂದ ಕಂಡ ಒಂದು ರಾತ್ರಿಯನ್ನು ಪೊಲೀಸ್ ಠಾಣೆಯ ಒಂದು ಹೇಳಿಕೆಯಾಗಿ ಇಳಿಸುವ ಆತುರದಲ್ಲಿ ಶಾಸ್ತ್ರದ ಮೇಲಿನ ಗೌರವ ಯಾವ ಪಾಲು? ೧೯೭೮ರ ಹದಿಮೂರನೆಯ ವಿಧಿ ಈ ವ್ಯತ್ಯಾಸಗಳಿಗೆಲ್ಲ ಜಾಗ ಕೊಟ್ಟಿತ್ತು. ವಿಧಿಯನ್ನು ಬರೆದವರ ಔಚಿತ್ಯ ಆಚರಣೆಯಲ್ಲಿ ಯಾವಾಗಲೂ ಉಳಿಯಲಿಲ್ಲ.

ಉಳಿಯಲಿಲ್ಲವೆಂಬುದಕ್ಕೆ ರಾಬರ್ಟ್ ಗಂಡ್ರಿಯವರ ಪ್ರಕರಣ ಸಾಕ್ಷಿ. ಮೂಲಪ್ರತಿಯ ನಿರ್ದೋಷತ್ವಕ್ಕೆ ಸಹಿ ಹಾಕಿದವರಿಗೆ ಮಾತ್ರ ಸದಸ್ಯತ್ವ ಕೊಡುವ ವಿದ್ವತ್‌ಸಂಘವೊಂದು ಅಮೆರಿಕದಲ್ಲಿ ೧೯೪೯ರಲ್ಲಿ ಸ್ಥಾಪಿತವಾಯಿತು. ಗಂಡ್ರಿ ಅದರ ಸದಸ್ಯರು. ಸಹಿ ಹಾಕಿದ್ದವರು, ಮನಃಪೂರ್ವಕವಾಗಿ ನಂಬಿದ್ದವರು. ೧೯೮೨ರಲ್ಲಿ ಮತ್ತಾಯನ ಸುವಾರ್ತೆಗೆ ಬರೆದ ವ್ಯಾಖ್ಯಾನದಲ್ಲಿ ಅವರು, ಆ ಸುವಾರ್ತೆಯ ಕೆಲವು ಭಾಗಗಳು, ಯೇಸುವಿನ ಬಾಲ್ಯದ ಪ್ರಸಂಗಗಳೂ ಸೇರಿ, ಯೆಹೂದ್ಯರಲ್ಲಿ ರೂಢಿಯಿದ್ದ ವ್ಯಾಖ್ಯಾನಕಥನದ ಪ್ರಕಾರಕ್ಕೆ ಸೇರಿದವೆಂದು ವಾದಿಸಿದರು. ಆ ಪ್ರಕಾರದಲ್ಲಿ ಬರೆಯುವುದು ಮತ್ತಾಯನ ಉದ್ದೇಶವಾಗಿದ್ದರೆ ಅದನ್ನು ಚರಿತ್ರೆಯ ಅಳತೆಗೋಲಿನಿಂದ ಅಳೆದು ತಪ್ಪೆನ್ನುವುದು ಹೇಗೆ? ಅವರ ತೀರ್ಮಾನವನ್ನು ಒಪ್ಪುವುದು ಬಿಡುವುದು ಬೇರೆ. ಅದು ಕಾವ್ಯಪ್ರಕಾರದ ಪ್ರಶ್ನೆ. ಆಧಾರ ತೋರಿಸಿ ಖಂಡಿಸಬೇಕಾದ ಪ್ರಶ್ನೆ. ೧೯೮೩ರಲ್ಲಿ ಸಂಘ ಸಭೆ ಸೇರಿ ಬಹುಮತದಿಂದ ಅವರ ರಾಜೀನಾಮೆ ಕೇಳಿತು. ಗ್ರಂಥ ನಿ‌ರ್ದೋಷವೆಂದು ಹೊರಟವರು ಎಲ್ಲೋ ದಾರಿಯಲ್ಲಿ ತಮ್ಮ ಓದನ್ನೂ ನಿರ್ದೋಷವೆಂದು ಭಾವಿಸಿಕೊಂಡರು. ಅಗಸ್ಟೀನನ ಮೂರನೆಯ ಸಮಾಧಾನ, ತನಗೇ ಅರ್ಥವಾಗದಿರಬಹುದೆಂಬ ವಿನಯ, ಅಲ್ಲಿ ಮರೆತುಹೋಯಿತು.

೫

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಬಾರ್ಟ್ ಅರ್ಮನ್ ಎಂಬ ವಿದ್ವಾಂಸರು ೨೦೦೫ರಲ್ಲಿ ಬರೆದ, ಬೈಬಲ್ಲಿನ ಪಾಠಾಂತರಗಳನ್ನು ಕುರಿತ ಪುಸ್ತಕ ಅಮೆರಿಕದಲ್ಲಿ ಬಿಸಿಬಿಸಿಯಾಗಿ ಮಾರಾಟವಾಯಿತು. ತಾರುಣ್ಯದಲ್ಲಿ ನಿರ್ದೋಷವಾದವನ್ನು ನಂಬಿದ್ದ ಅವರು, ವಿದ್ಯಾರ್ಥಿಯಾಗಿದ್ದಾಗ ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಮಹಾಯಾಜಕನ ಹೆಸರು ಸಮುವೇಲನ ಗ್ರಂಥದಲ್ಲಿರುವುದಕ್ಕೆ ಹೊಂದುವುದಿಲ್ಲವೆಂಬ ತೊಡಕನ್ನು ಬಿಡಿಸಲು ದೀರ್ಘವಾದ ಪ್ರಬಂಧವೊಂದನ್ನು ಬರೆದರು. ಮಾರ್ಕನೇ ತಪ್ಪಿದ್ದಿರಬಾರದೇಕೆ ಎಂಬರ್ಥದ ಟಿಪ್ಪಣಿಯನ್ನು ಗುರುಗಳು ಬರೆದರು. ಅಲ್ಲಿಂದ ಕಟ್ಟೆಯೊಡೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರು ಕ್ರೈಸ್ತಧರ್ಮವನ್ನೇ ಬಿಟ್ಟದ್ದು ಲೋಕದ ದುಃಖದ ಪ್ರಶ್ನೆಯಿಂದ, ಪಾಠಾಂತರಗಳಿಂದಲ್ಲ ಎಂಬುದನ್ನೂ ಅವರೇ ಹೇಳಿದ್ದಾರೆ. ಆದರೆ ಪುಸ್ತಕದ ಓದುಗರು ಇದನ್ನು ಅಷ್ಟಾಗಿ ಕಿವಿಗೆ ಹಾಕಿಕೊಂಡಂತಿಲ್ಲ. ಆ ಪುಸ್ತಕ ಅರ್ಪಿತವಾಗಿರುವುದು ಅವರ ಗುರು ಬ್ರೂಸ್ ಮೆಟ್ಸ್‌ಗರ್ ಅವರಿಗೆ. ಹೊಸ ಒಡಂಬಡಿಕೆಯ ಪಾಠವಿಮರ್ಶೆಯನ್ನು ಕುರಿತ ಮೆಟ್ಸ್‌ಗರ್ ಅವರ ಪ್ರಸಿದ್ಧ ಕೈಪಿಡಿ ಬಂದದ್ದು, ನರಸಿಂಹಾಚಾರ್ಯರ ಪುಸ್ತಕದಂತೆಯೇ, ೧೯೬೪ರಲ್ಲಿ. ಶಿಷ್ಯ ಬಲ್ಲ ಪಾಠಾಂತರಗಳನ್ನೆಲ್ಲ ಬಲ್ಲ ಆ ಗುರು ೨೦೦೭ರಲ್ಲಿ ತೀರಿಕೊಳ್ಳುವವರೆಗೂ ಶ್ರದ್ಧಾವಂತ ಕ್ರೈಸ್ತರಾಗಿಯೇ ಉಳಿದರು.

ಒಂದೇ ಸಾಕ್ಷ್ಯ, ಎರಡು ತೀರ್ಪು. ಒಂದು ತಪ್ಪು ಸಿಕ್ಕಿದರೆ ಇಡೀ ಗ್ರಂಥ ಬಿದ್ದಿತೆಂದು ನಂಬುವ ಓದುಗ, ಭಕ್ತನಾಗಿರಲಿ ನಾಸ್ತಿಕನಾಗಿರಲಿ, ಲಿಂಡ್‌ಸೆಲ್ಲರ ಪಾಠಶಾಲೆಯ ವಿದ್ಯಾರ್ಥಿಯೇ. ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಇನ್ನೊಂದು ದಾರಿಯನ್ನು ಸೂಚಿಸಿತು: ಮನುಷ್ಯರ ಉದ್ಧಾರಕ್ಕಾಗಿ ದೇವರು ಶಾಸ್ತ್ರದಲ್ಲಿ ಇರಿಸಬಯಸಿದ ಸತ್ಯವನ್ನು ಅದು ತಪ್ಪಿಲ್ಲದೆ ಬೋಧಿಸುತ್ತದೆ ಎಂದು. ಆ ವಾಕ್ಯವನ್ನು ಹೇಗೆ ಅರ್ಥಮಾಡಬೇಕೆಂಬುದರಲ್ಲಿ ಅವರವರಲ್ಲೇ ಜಗಳವಿದೆ. ಆದರೂ ಅದು ಸರಿಯಾದ ಪ್ರಶ್ನೆಯನ್ನು ಎತ್ತಿತು. ಈ ಗ್ರಂಥ ಏನನ್ನು ಹೇಳಲು ಮಾತು ಕೊಟ್ಟಿದೆ? ಕೊಟ್ಟ ಮಾತನ್ನು ನಡೆಸಿದೆಯೆ?

ಹೀಬ್ರೂ ಭಾಷೆಯಲ್ಲಿ 'ಸತ್ಯ'ವೆಂಬುದಕ್ಕಿರುವ ಶಬ್ದ 'ಎಮೆತ್'. ಗಟ್ಟಿಯಾಗಿ ನಿಲ್ಲು, ಆಸರೆಯಾಗು ಎಂಬ ಧಾತುವಿನಿಂದ ಅದು ಬಂದಿದೆ. ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಅದರ ಒಡಹುಟ್ಟು. ನಿಜ ಎಂಬ ಅರ್ಥವೂ ನೆಚ್ಚಬಹುದು ಎಂಬ ಅರ್ಥವೂ ಆ ಒಂದೇ ಶಬ್ದದಲ್ಲಿವೆ. ಇದು ಕನ್ನಡಿಗರಿಗೆ ಅಪರಿಚಿತವಾದ ಭಾವವಲ್ಲ. ರಾಘವಾಂಕನ ಹರಿಶ್ಚಂದ್ರನನ್ನು ಸತ್ಯಸಂಧನೆಂದು ನಾವು ಕೊಂಡಾಡುವುದು ಅವನು ಯಾವುದೋ ಸಂಗತಿಯನ್ನು ಕರಾರುವಾಕ್ಕಾಗಿ ವರದಿಮಾಡಿದನೆಂದಲ್ಲ. ನಮ್ಮ ಮಕ್ಕಳು ಗೋವಿನ ಹಾಡಿನಿಂದ ಕಲಿಯುವ ಸತ್ಯವೂ ಅದೇ: ಪುಣ್ಯಕೋಟಿ ಹುಲಿಯ ಬಳಿಗೆ ತಿರುಗಿ ಬಂದಳು.

'ಸತ್ಯವೇದ' ಎಂಬ ಹೆಸರಿಗೆ ಇದಕ್ಕಿಂತ ಒಳ್ಳೆಯ ಅರ್ಥವಿವರಣೆ ನನಗೆ ತೋರುವುದಿಲ್ಲ. ಆ ಗ್ರಂಥ ತನ್ನ ಓದುಗನಿಗೆ ಕೊಟ್ಟ ಮಾತಿಗೆ ತಿರುಗಿ ಬರುತ್ತದೆಯೆ ಎಂಬುದನ್ನು ಅದನ್ನು ನೆಚ್ಚಿ ಬಾಳಿದವರೇ ಹೇಳಬೇಕು. ವಿಮರ್ಶಕನ ತಕ್ಕಡಿಯಲ್ಲಿ ಅದು ತೂಗುವುದಿಲ್ಲ. ವಿಮರ್ಶಕ ಹೇಳಬಹುದಾದದ್ದು ಇಷ್ಟು: ಬೆಂಗೆಲ್ ತನ್ನ ಗ್ರಂಥವನ್ನು ಎಷ್ಟು ನೆಚ್ಚಿದ್ದನೆಂದರೆ ಅದರ ಪಾಠಾಂತರಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯಲು ಹೆದರಲಿಲ್ಲ. ಲಿಂಡ್‌ಸೆಲ್ ಅದರ ನಿರ್ದೋಷತ್ವವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡರೆಂದರೆ ಪೇತ್ರನ ಕಣ್ಣೀರಿನ ಕಥೆಯನ್ನು ಅದು ಇರುವ ಹಾಗೆ ಬಿಡಲಾರದೆ ಹೋದರು. ಇಬ್ಬರದೂ ಒಂದೇ ಸಿದ್ಧಾಂತದ ಬೇರಿನಿಂದ ಬಂದದ್ದು. ಗ್ರಂಥಕ್ಕೆ ಹೆಚ್ಚಿನ ಗೌರವ ಸಂದದ್ದು ಯಾರ ಕೈಯಲ್ಲಿ ಎಂಬುದನ್ನು ಸಹೃದಯರು ತೀರ್ಮಾನಿಸಲಿ.